ಗಾಜಿಗಂಟಿದ ಗೋರಿ

ಬೆಳಗಿನ ಆರು ಗಂಟೆ. ಕಟಪಾಡಿಯ ಹೆದ್ದಾರಿಯಲ್ಲಿ ವಾಹನಗಳ ಓಡಾಟ ಇನ್ನೂ ಬಿರುಸಾಗಿಲ್ಲ. ದೊಡ್ಡ ಲಾರಿ ಹೋದರೆ ಮನೆಯ ಹಿಂದಿನ ಕೋಣೆಯ ಮೇಜೂ ಅದುರುತ್ತದೆ. ಅದಕ್ಕೇ ಜೆರ್ಟ್ರೂಡ್ ನಾಜೂಕಿನ ಕೆಲಸವನ್ನು ಈ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ಅರುವತ್ತೊಂದರ ಅವರ ಕಸುಬು ಹಳೆಯ ಕಾಗದಗಳ ದುರಸ್ತಿ.

ಇವತ್ತು ಮೇಜಿನ ಮೇಲಿರುವುದು ರೋಮಿನ ಪುರಾತನ ಗೋರಿಯೊಂದರ ಚಿತ್ರ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿ ಇನ್ನೂರು ವರ್ಷ ದಾಟಿದೆ. ಗುಂಡನೆಯ ಕಲ್ಲಿನ ಕಟ್ಟಡ, ಬಿರುಕುಗಳಲ್ಲಿ ಪೊದೆ, ಬುಡದಲ್ಲಿ ನಿಂತು ಮೇಲೆ ನೋಡುವ ಪುಟ್ಟ ಮನುಷ್ಯ. ಕಾರ್ಕಳದ ನಿವೃತ್ತ ಶಿಕ್ಷಕ ಲಿಯೋನೆಲ್ ಅವರ ಅಜ್ಜ ತಂದದ್ದು. ಮಳೆಗಾಲದ ತೇವಕ್ಕೆ ಕಾಗದ ಚೌಕಟ್ಟಿನ ಗಾಜಿಗೇ ಅಂಟಿ ಬೂಷ್ಟು ಹಿಡಿದಿದೆ.

“ಬಿಟ್ಟರೆ ಬೂಷ್ಟು ತಿಂತದೆ, ಬಿಡಿಸಿದರೆ ಹರಿಯಬಹುದು. ಮೂರು ದಿನದಿಂದ ನನಗೆ ಊಟ ಸೇರ್ತಾ ಇಲ್ಲ” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ ಜೆರ್ಟ್ರೂಡ್.

ಉಡುಪಿಯ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದವರು ಅವರು. ಅದು ಮುಚ್ಚಿದ ಮೇಲೆ ಮಣಿಪಾಲದ ಗ್ರಂಥಾಲಯವೊಂದರಲ್ಲಿ ಈ ವಿದ್ಯೆ ಕಲಿತರು. ಇಪ್ಪತ್ತಾರು ವರ್ಷಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಹಾಳೆಗಳು ಅವರ ಕೈಯಲ್ಲಿ ಚೇತರಿಸಿಕೊಂಡಿವೆ. ಯಾವುದರ ಮೇಲೂ ಅವರ ಹೆಸರಿಲ್ಲ.

ಆದರೆ ಕಳೆದ ಡಿಸೆಂಬರಿನಿಂದ ಬಲಗೈ ನಡುಗುತ್ತಿದೆ. ಇದನ್ನವರು ಯಾರಿಗೂ ಹೇಳಿಲ್ಲ.

ಅಂಟು ಸಡಿಲಾಗಲೆಂದು ಚಿತ್ರದ ಹಿಂಬದಿಗೆ ಒದ್ದೆ ಬ್ಲಾಟಿಂಗ್ ಪೇಪರ್ ಹಾಸಿ ಕಾಯುತ್ತಾರೆ. ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ತೆಳುವಾದ ಅಲಗನ್ನು ಗಾಜಿಗೂ ಕಾಗದಕ್ಕೂ ನಡುವೆ ತೂರಿಸುತ್ತಾರೆ. ಒಂದು ಗೇಣು ಸಾಗಲು ಗಂಟೆ ಹಿಡಿಯುತ್ತದೆ. ಆಕಾಶ ಗಾಜು ಬಿಟ್ಟಿತು, ಗೋರಿ ಬಿಟ್ಟಿತು. ಬುಡಕ್ಕೆ ಬಂದಾಗ ಕೈ ಒಮ್ಮೆ ಅದುರುತ್ತದೆ. ಚಿತ್ರ ಪೂರ್ತಿ ಕೈಗೆ ಬರುತ್ತದೆ. ಆ ಪುಟ್ಟ ಮನುಷ್ಯ ಮಾತ್ರ ಚೂರುಚೂರಾಗಿ ಗಾಜಿನಲ್ಲೇ ಉಳಿಯುತ್ತಾನೆ.

ಹತ್ತು ಗಂಟೆಗೆ ಲಿಯೋನೆಲ್ ಬರುತ್ತಾರೆ. ಜೆರ್ಟ್ರೂಡ್ ಮೊದಲು ತೋರಿಸುವುದೇ ಆ ಮನುಷ್ಯನಿದ್ದ ಜಾಗದ ತೂತನ್ನು.

“ಕೈ ನಡುಗ್ತದೆ ಮಾಸ್ಟ್ರೆ. ಮೊದಲೇ ಹೇಳ್ಬೇಕಿತ್ತು. ಹೇಳಿದರೆ ಯಾರೂ ಕೆಲಸ ತರುವುದಿಲ್ಲ ಅಂತ ಹೆದರಿಕೆ.”

ಲಿಯೋನೆಲ್ ಮೇಜಿನ ಮೇಲೆ ಬಾಗಿ ತೂತಿನ ಅಂಚನ್ನು ನೋಡುತ್ತಾರೆ. “ಅಲ್ಲಿಗೆ ಇನ್ನೊಬ್ಬನನ್ನು ಬರೆದು ಕೂರಿಸಬಹುದಾ, ಜೆರ್ಟ್ರೂಡ್ ಬಾಯಿ?”

“ಬರೆಯಬಹುದು. ಮತ್ತೆ ನೋಡುವವರಿಗೆ ಅದು ಸುಳ್ಳಾಗ್ತದೆ, ಅಲ್ವಾ? ಬಿಳಿ ಕಾಗದ ಮಾತ್ರ ಸೇರಿಸ್ತೇನೆ.”

ಲಿಯೋನೆಲ್ ಒಪ್ಪಿ ತಲೆಯಾಡಿಸುತ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, “ಇದರ ಜೋಡಿ ಇನ್ನೊಂದು ಮನೆಯಲ್ಲಿ ಉಂಟು. ಅದೂ ಗಾಜಿಗೆ ಅಂಟಿದೆ” ಎನ್ನುತ್ತಾರೆ.

ಜೆರ್ಟ್ರೂಡ್ ಬಲಗೈಯನ್ನು ಮೇಜಿನ ಮೇಲೆ ಬಿಚ್ಚಿಡುತ್ತಾರೆ. ಅದು ಇನ್ನೂ ನಡುಗುತ್ತಿದೆ.

“ಈಗ ನಿಮಗೆ ಗೊತ್ತುಂಟಲ್ಲ” ಎನ್ನುತ್ತಾರೆ. “ಆದರೂ ನಂಬಿಕೆ ಇದ್ದರೆ ತನ್ನಿ.”