ಹರಾಜುಗಾರ ನಂದಕುಮಾರ್ ಸುತ್ತಿಗೆ ಕೆಳಗಿಟ್ಟ ದಿನ

ಹರಾಜೆಂದರೆ ನಮ್ಮ ಸೀಮೆಯ ಜನಕ್ಕೆ ಮೊದಲು ನೆನಪಾಗುವುದು ರೇಷ್ಮೆಗೂಡಿನ ಮಾರುಕಟ್ಟೆ, ಇಲ್ಲವೇ ತೋಪಿನ ಹುಣಸೆಯ ಫಸಲು. ಕಲಾವಿದರ ಚಿತ್ರಗಳನ್ನೂ ವಸ್ತ್ರವಿನ್ಯಾಸಕರ ಉಡುಪುಗಳನ್ನೂ ದೊಡ್ಡ ಹೋಟೆಲಿನ ಸಭಾಂಗಣದಲ್ಲಿಟ್ಟು ಕೂಗುವ ಹರಾಜು ನಮ್ಮ ಕಡೆಗೆ ಬಂದದ್ದು ಈಚೆಗೆ. ಆ ವೇದಿಕೆಯ ಮೇಲೆ ನಿಂತು, ಮಾತಿನ ಹದದಿಂದಲೂ ನಡತೆಯ ಶುಚಿಯಿಂದಲೂ ಕೊಳ್ಳುವವರ ಮತ್ತು ಮಾರುವವರ ಗೌರವವನ್ನು ಸಮನಾಗಿ ಗಳಿಸಿದವರು ದೊಡ್ಡಬಳ್ಳಾಪುರದ ಶ್ರೀ ನಂದಕುಮಾರ್ ಅವರು. ಈಗ ಅವರು ನಿವೃತ್ತರಾಗುತ್ತಿದ್ದಾರೆ.

ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ನಂದಕುಮಾರ್ ಅವರು ಹರಾಜು ಸಂಸ್ಥೆಗೆ ಸೇರಿದ್ದು ಚಿತ್ರಗಳ ಪೆಟ್ಟಿಗೆ ಬಿಚ್ಚುವ ಕೆಲಸಕ್ಕೆ. ಚಿತ್ರವನ್ನು ಅಂಚಿನಲ್ಲೇ ಹಿಡಿದು ಎತ್ತುವುದನ್ನು ಅಲ್ಲಿ ಕಲಿತರು. ಬರಬರುತ್ತ ಚಿತ್ರಗಳ ಬಗ್ಗೆ ಮಾತಾಡುವುದನ್ನು ಕಲಿತರು. ಕೊನೆಗೆ ಸುತ್ತಿಗೆಯೇ ಅವರ ಕೈಗೆ ಬಂತು. ಯಾರೂ ಬೆಲೆ ಕೂಗದೆ ಉಳಿದ ಚಿತ್ರವನ್ನು ಲಾರಿಯಲ್ಲಿ ಹಿಂದಕ್ಕೆ ಕಳುಹಿಸುವುದು ಸಂಸ್ಥೆಯ ರೂಢಿಯಾಗಿತ್ತು. ಇವರು ಮಾತ್ರ ಅದನ್ನು ತಾವೇ ಕಲಾವಿದರ ಮನೆಗೆ ಒಯ್ದು, ಮೊದಲಿದ್ದ ಮೊಳೆಗೇ ತೂಗುಹಾಕಿ, ಅವರ ಮನೆಯಲ್ಲಿ ಕಾಫಿ ಕುಡಿದು ಬರುತ್ತಿದ್ದರು. ಸೋತವರ ಮುಂದೆ ಏನು ಮಾತಾಡಬಾರದು ಎಂಬುದು ಅವರಿಗೆ ಯಾರೂ ಕಲಿಸದೆ ಬಂದಿತ್ತು.

ಆದರೆ ಅವರ ಸೇವೆಯನ್ನು ನೆನೆದಾಗಲೆಲ್ಲ ನಮ್ಮ ಮನಸ್ಸು ಹೋಗಿ ನಿಲ್ಲುವುದು ಕೆಲವು ವರ್ಷಗಳ ಹಿಂದಿನ ಒಂದು ಹರಾಜಿನ ಹತ್ತಿರ.

ಜಡಿಗೇನಹಳ್ಳಿಯ ಚಿತ್ರಕಾರ ಬೀರೇಶ್ ಅವರ ಪತ್ನಿ ಕೀರ್ತನ ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗಳು, ಹೆಸರಾದ ವಸ್ತ್ರವಿನ್ಯಾಸಕಿ. ಆಕೆ ಉಡುಪು ರೂಪಿಸುವುದು, ಅದನ್ನುಟ್ಟ ಆಕೆಯನ್ನು ಬೀರೇಶ್ ಚಿತ್ರಿಸುವುದು. ಅವರ ದಾಂಪತ್ಯವೇ ಹಾಗೆ ಸಾಗಿತ್ತು. ಜಾತಿ ಬೇರೆಯೆಂದು ಕೀರ್ತನಳ ತಾಯಿ ನಾಗಲಕ್ಷ್ಮಮ್ಮನವರು ಮದುವೆಗೆ ಹೋಗಿರಲಿಲ್ಲ. ಆಮೇಲೆ ಮಗಳೊಂದಿಗೆ ಮಾತೂ ಬಿಟ್ಟಿದ್ದರು. ತಂದೆ ನರಸಿಂಹಯ್ಯನವರು ಮಾತ್ರ ಮಗಳು ಬರೆದುಕೊಟ್ಟ ವಿನ್ಯಾಸದಂತೆ ಧಾರೆಯ ಸೀರೆಯನ್ನು ತಮ್ಮ ಮಗ್ಗದಲ್ಲಿ ನೇಯ್ದು ಕಳುಹಿಸಿದ್ದರು. ಮುಂದೆ ನರಸಿಂಹಯ್ಯನವರು ತೀರಿಕೊಂಡರು. ಅವರ ಹಿಂದೆಯೇ, ಇನ್ನೂ ಎಳೆಯ ವಯಸ್ಸಿನಲ್ಲಿ, ಕೀರ್ತನ ಕಾಯಿಲೆಯಿಂದ ಹೋದಳು.

ಚಿತ್ರಗಳನ್ನೂ ಉಡುಪುಗಳನ್ನೂ ಒಂದೂ ಉಳಿಸದೆ ಹರಾಜಿಗೆ ಕೊಡುವುದಾಗಿ ಬೀರೇಶ್ ತಿಳಿಸಿದಾಗ ನಂದಕುಮಾರ್ ಅವರು ಜಡಿಗೇನಹಳ್ಳಿಗೆ ಹೋದರು. ಬೀದಿಗೆ ತೆರೆಯುವ ಕೋಣೆಯ ತುಂಬ ಕೀರ್ತನಳೇ ಇದ್ದಳು. ಒಂದಾದರೂ ಇಟ್ಟುಕೊಳ್ಳಿ ಎಂದು ಅವರು ಹೇಳಿ ನೋಡಿದರು.

“ಇವೆಲ್ಲ ಮನೇಲಿದ್ರೆ ನಾನು ಇನ್ನೊಂದು ಗೆರೆ ಎಳಿಯಕ್ಕಾಗಲ್ಲ ಸರ್,” ಎಂದರು ಬೀರೇಶ್. “ಮಾರಿದ್ಮೇಲೂ ಎಳೀತೀನೋ ಇಲ್ವೋ, ಗೊತ್ತಿಲ್ಲ.”

ನಂದಕುಮಾರ್ ಅವರು ಅಲ್ಲಿಂದ ನೇರವಾಗಿ ನಾಗಲಕ್ಷ್ಮಮ್ಮನವರ ಮನೆಗೆ ಹೋಗಿ, ಮಗಳದ್ದೇನಾದರೂ ಬೇಕಾದರೆ ತೆಗೆದಿಡಿಸುವುದಾಗಿ ಹೇಳಿದರು. ಆಕೆ ಹೊಸ್ತಿಲ ಒಳಗೇ ನಿಂತು, ಏನೂ ಬೇಡವೆಂದರು. ಹರಾಜು ಎಲ್ಲಿ ಎಂದು ಮಾತ್ರ ಕೇಳಿದರು.

ಇನ್ನು ಸಂಸ್ಥೆಯೊಳಗೆ ಬೇರೆಯೇ ವಾದ ನಡೆಯಿತು. ಚಿತ್ರವೂ ಅದರೊಳಗಿನ ಉಡುಪೂ ಜೊತೆಯಾಗಿಯೇ ಹೋಗಲಿ ಎಂಬುದು ನಂದಕುಮಾರ್ ಅವರ ಮಾತು. ಚಿತ್ರ ಕೊಳ್ಳುವವರು ಬೇರೆ, ಬಟ್ಟೆ ಕೊಳ್ಳುವವರು ಬೇರೆ ಎಂಬುದು ವ್ಯವಸ್ಥಾಪಕಿ ಮೇಘನ ಅವರ ಲೆಕ್ಕಾಚಾರ. ಗೆದ್ದದ್ದು ಮೇಘನ ಅವರ ಮಾತು. ಹೀಗಾಗಿ ದೇವನಹಳ್ಳಿಯ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ, ಅಗಲಿಸಬಾರದೆಂದು ತಾವೇ ವಾದಿಸಿದ್ದನ್ನು ತಮ್ಮ ಕೈಯಾರೆ ಅಗಲಿಸುವ ಕೆಲಸ ಅವರ ಪಾಲಿಗೆ ಬಂತು. ಒಂದೊಂದು ಸಲ ಸುತ್ತಿಗೆ ಬಿದ್ದಾಗಲೂ ಚಿತ್ರ ಒಂದು ಊರಿಗೆ, ಉಡುಪು ಇನ್ನೊಂದು ಊರಿಗೆ ಹೋಯಿತು. ಬೀರೇಶ್ ಕೊನೆಯ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿದ್ದರು. ನಾಗಲಕ್ಷ್ಮಮ್ಮನವರು ಬಸ್ಸಿನಲ್ಲಿ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಳಿಯನ ಗುರುತು ಅವರಿಗೆ ಇತ್ತೋ ಇಲ್ಲವೋ ತಿಳಿಯದು.

ಕಟ್ಟಕಡೆಗೆ ಬಂದದ್ದು ಧಾರೆಯ ಸೀರೆ. ಅದನ್ನುಟ್ಟ ಕೀರ್ತನಳ ಚಿತ್ರ ಆಗಷ್ಟೇ ಯಾರದೋ ಪಾಲಾಗಿತ್ತು. ಬಿಳಿಯ ಗೊಂಬೆಯೊಂದಕ್ಕೆ ಸೀರೆ ಉಡಿಸಿ ತಂದು ನಿಲ್ಲಿಸಿದರು. ಕೂಗು ಶುರುವಾಗುವ ಹೊತ್ತಿಗೆ ನಾಗಲಕ್ಷ್ಮಮ್ಮನವರು ಎದ್ದು, ಕುರ್ಚಿಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆದುಬಂದು ವೇದಿಕೆಯ ಕೆಳಗೆ ನಿಂತರು.

“ಅಪ್ಪಾ, ಇದನ್ನ ಅವಳು ಉಟ್ಟಿದ್ದು ನಾನು ನೋಡ್ಲಿಲ್ಲ,” ಎಂದರು. “ಅವರಪ್ಪ ನೇಯೋವಾಗ ಮಗ್ಗದ ಕಡೆ ತಿರುಗೂ ನೋಡ್ಲಿಲ್ಲ. ಕೊಡೋಕೆ ಮುಂಚೆ ಒಂದ್ಸಲ ನಾನೇ ಮಡಚಿ ಕೊಡ್ಲಾ?”

ಫೋನಿನಲ್ಲಿ ದೂರದ ಊರುಗಳ ಜನ ಕೂಗಲು ಕಾದಿದ್ದರು. ಮೇಘನ ಅವರು ಬೇಡವೆಂದು ಕೈ ಆಡಿಸಿದರು. ನಂದಕುಮಾರ್ ಅವರು ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, “ಕಾಯ್ತಾರೆ, ಬನ್ನಿ ಅಮ್ಮ,” ಎಂದು ಕೈಹಿಡಿದು ಮೇಲೆ ಹತ್ತಿಸಿಕೊಂಡರು.

ಆಕೆ ಗೊಂಬೆಯ ಭುಜದಿಂದ ಸೆರಗಿಳಿಸಿ, ನೆರಿಗೆ ಬಿಡಿಸಿ, ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡರು. ಅಷ್ಟುದ್ದದ ರೇಷ್ಮೆಯನ್ನು ಒಬ್ಬರೇ ಮಡಚಲಾಗದೆ ಅವರು ತಡವರಿಸುತ್ತಿದ್ದಾಗ ಬೀರೇಶ್ ಹಿಂದಿನಿಂದ ಬಂದು ಇನ್ನೊಂದು ತುದಿ ಹಿಡಿದರು. ಆಕೆ ಅವರ ಮುಖವನ್ನು ಒಂದು ಕ್ಷಣ ನೋಡಿದರು.

“ಎತ್ತಿ ಹಿಡ್ಕೊಳ್ಳಪ್ಪ, ನೆಲ ತಾಗ್ತದೆ,” ಎಂದರು. ಅದು ಅವರು ಅಳಿಯನಿಗೆ ಆಡಿದ ಮೊದಲ ಮಾತು.

ಒಂದೊಂದು ಮಡಿಕೆಗೂ ಇಬ್ಬರೂ ಹತ್ತಿರ ಹತ್ತಿರ ಬಂದರು. ಕೊನೆಯ ಮಡಿಕೆಯಲ್ಲಿ ಬೀರೇಶ್ ತಮ್ಮ ತುದಿಯನ್ನು ಆಕೆಯ ಕೈಗಿಟ್ಟು ಅಲ್ಲೇ ನಿಂತು ಅತ್ತರು. ಆಕೆ ಅಳಲಿಲ್ಲ, ಅಂಗೈಯಿಂದ ಸೀರೆಯನ್ನು ಸವರುತ್ತಲೇ ಇದ್ದರು. ನಂದಕುಮಾರ್ ಅವರು ಬೀರೇಶರ ಕಿವಿಯ ಬಳಿ ಬಗ್ಗಿ, ಹರಾಜಿನಿಂದ ವಾಪಸ್ಸು ತೆಗೆದುಕೊಳ್ಳೋಣವೇ ಎಂದು ಕೇಳಿದರು. ಬೀರೇಶ್ ಹೂಂ ಎನ್ನುವಷ್ಟರಲ್ಲಿ ನಾಗಲಕ್ಷ್ಮಮ್ಮನವರೇ ಅಡ್ಡಡ್ಡ ತಲೆಯಾಡಿಸಿದರು.

“ಬೇಡಪ್ಪ. ನನ್ನತ್ರ ಇದ್ರೆ ಬೀರೂನಲ್ಲಿ ಸುಮ್ನೆ ಇರ್ತದೆ. ಯಾರಾದ್ರೂ ಉಡ್ಲಿ.”

ನಂದಕುಮಾರ್ ಅವರು ಮತ್ತೆ ಸುತ್ತಿಗೆ ಹಿಡಿದರು. ಒಂದು ಸಾರಿ, ಎರಡು ಸಾರಿ ಎಂದು ಕೂಗಿದರು. ಮೂರನೆಯ ಸಾರಿ ಬರಿಯ ಸುತ್ತಿಗೆಯ ಸದ್ದಾಯಿತು.

ಅಂದು ಹರಾಜು ತಡೆದರೆಂದು ಸಂಸ್ಥೆಯವರು ಆಮೇಲೆ ಅವರನ್ನು ವೇದಿಕೆಯಿಂದ ಇಳಿಸಿ ದಾಸ್ತಾನು ಕೋಣೆಯ ಮೇಲ್ವಿಚಾರಣೆಗೆ ಹಾಕಿದರು. ಅದನ್ನು ಅವರು ಯಾರೊಡನೆಯೂ ದೂರಿಕೊಳ್ಳಲಿಲ್ಲ. ತೀರಿಕೊಂಡವರ ಉಡುಪು ಬಂದಾಗ ಮನೆಯವರನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಅವರಿಗೆ ಬೇಕಾದಷ್ಟು ಹೊತ್ತು ಅದರೊಂದಿಗೆ ಬಿಡುತ್ತಿದ್ದರು. ಬೀರೇಶ್ ಈಗ ಹಬ್ಬಕ್ಕೆ ದೊಡ್ಡಬಳ್ಳಾಪುರದ ಅತ್ತೆಯ ಮನೆಗೆ ಬಂದುಹೋಗುತ್ತಾರೆ. ಕುಂಚ ಮಾತ್ರ ಇನ್ನೂ ಹಿಡಿದಿಲ್ಲ.

ಸೀರೆ ಕೊಂಡವರು ಉಡುವ ಜನವಲ್ಲ, ಹಳೆಯ ರೇಷ್ಮೆಯನ್ನು ಸಂಗ್ರಹಿಸಿಡುವವರು. ಅದನ್ನು ನಾಗಲಕ್ಷ್ಮಮ್ಮನವರಿಗೆ ಹೇಳಲು ನಂದಕುಮಾರ್ ಅವರಿಗೆ ಬಹಳ ದಿನ ಬಾಯಿ ಬರಲಿಲ್ಲ. ನಿವೃತ್ತಿಯ ಸುದ್ದಿ ತಿಳಿಸಲು ಈಚೆಗೆ ಹೋಗಿದ್ದಾಗ ಆಕೆಯೇ, ಯಾರಾದರೂ ಉಟ್ಟರೇ ಎಂದು ಕೇಳಿದರು. ಇವರು ಸುಳ್ಳಾಡಲಾರದೆ ಇದ್ದದ್ದನ್ನು ಹೇಳಿಬಿಟ್ಟರು.

“ಹಾಗಾದ್ರೆ ಅವರಿಗೆ ಹೇಳಪ್ಪ,” ಎಂದರು ಆಕೆ. “ಒಂದೇ ಮಡಿಕೇಲಿ ಇಡ್ಬಾರ್ದು, ಸೀಳ್ತದೆ. ಆಗಾಗ ಬಿಚ್ಚಿ ಬೇರೆ ಮಡಿಕೆ ಹಾಕ್ಬೇಕು. ಇಬ್ರು ಬೇಕು ಅದಕ್ಕೆ.”

ನಂದಕುಮಾರ್ ಅವರು ಅಲ್ಲಿಯೇ ಕೂತು ಕೊಂಡವರಿಗೆ ಫೋನು ಮಾಡಿ ಆ ಮಾತನ್ನು ಹಾಗೆಯೇ ತಲುಪಿಸಿದರು.

ಅಗಲಿದವರ ವಸ್ತುಗಳಿಗೂ ಉಳಿದವರ ಸಂಕಟಕ್ಕೂ ನಡುವೆ ಇಷ್ಟು ಕಾಲ ನಿಂತ ಈ ಹಿರಿಯರಿಗೆ ದೇವರು ಗಟ್ಟಿ ಆಯಸ್ಸನ್ನೂ ನೆಮ್ಮದಿಯ ನಿದ್ದೆಯನ್ನೂ ಕೊಡಲಿ. ಕೂಗು ಬಾರದ ಚಿತ್ರಗಳು ಇನ್ನೂ ಬಹಳ ಮನೆಗಳಿಗೆ ಮರಳಬೇಕಾಗಿದೆ. ಅಲ್ಲೆಲ್ಲ ಅವರು ಹೋಗುತ್ತಿರಲಿ, ಕೂತು ಕಾಫಿ ಕುಡಿಯುತ್ತಿರಲಿ.