ಬಿಚ್ಚಿದ ಮುಡಿಪು

ಮನೆ ಹಗುರ ಮಾಡುವ ಹುಚ್ಚು ನನಗೆ ಹಿಡಿದದ್ದು ಫೋನಿನಿಂದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬೇಸಿಗೆ ರಜೆಯಲ್ಲಿ ಕೈಗೆ ಕೆಲಸ ಕಡಿಮೆಯಾದರೆ ಕಣ್ಣು ತಾನಾಗಿಯೇ ಫೋನಿಗೆ ಹೋಗುತ್ತದೆ. ಅದರಲ್ಲಿ ಒಬ್ಬ ಹೆಂಗಸು ಬಿಳಿ ಗೋಡೆಯ ಮುಂದೆ ಕೂತು, ವರ್ಷದಿಂದ ಮುಟ್ಟದ ವಸ್ತು ಮನೆಯಲ್ಲಿ ಇರಬಾರದು, ಖುಷಿ ಕೊಡದ ಕೆಲಸ ದಿನಚರಿಯಲ್ಲಿ ಇರಬಾರದು ಎಂದು ನಗುನಗುತ್ತಾ ಹೇಳುತ್ತಿದ್ದಳು. ಅವಳ ಮನೆಯಲ್ಲಿ ಅತ್ತೆ ಇರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಹೊಸಪೇಟೆಯ ನಮ್ಮ ಮನೆಯಲ್ಲಿ ಇರುವವರು ಮೂವರು: ನಾನು, ನಮ್ಮ ಮನೆಯವರು, ಅವರ ತಾಯಿ. ಆದರೆ ಹಾಸಿಗೆ, ದಿಂಬು, ತಟ್ಟೆ, ಲೋಟ ಎಲ್ಲ ಹತ್ತು ಹನ್ನೆರಡು ಜನರಿಗಾಗುವಷ್ಟು. ಕಂಪ್ಲಿಯಲ್ಲಿರುವ ಮೈದುನನ ಸಂಸಾರ ಪ್ರತಿ ಹಬ್ಬಕ್ಕೂ ನಮ್ಮಲ್ಲಿಗೇ ಬರುತ್ತಿತ್ತು. ಅತ್ತೆ ಎಲ್ಲಿರುತ್ತಾರೋ ಅದೇ ದೊಡ್ಡ ಮನೆ ಎಂಬುದು ನಮ್ಮವರ ರೂಢಿ. ಬಂದರೆ ಎರಡು ದಿನ ಇರುತ್ತಿದ್ದರು. ನನಗೆ ಹೋಳಿಗೆ ತಟ್ಟಿ ತಟ್ಟಿ ರಟ್ಟೆ ಬಿದ್ದುಹೋಗುತ್ತಿತ್ತು. ಬಚ್ಚಲ ಮುಂದೆ ಸಾಲು, ನಡುಮನೆ ತುಂಬ ಹಾಸಿಗೆ, ಟೀ ಸೋಸುವುದು ಮುಗಿಯುತ್ತಲೇ ಇರಲಿಲ್ಲ.

ಅದು ನಿಂತದ್ದು ಮೈದುನನ ಮಗಳ ನಿಶ್ಚಯದಲ್ಲಿ. ಗಂಡಿನವರ ಊರು ಮರಿಯಮ್ಮನಹಳ್ಳಿ, ಕಾರ್ಯ ಅಲ್ಲೇ ಇತ್ತು. ವೀಳ್ಯ ಬದಲಿಸುವಾಗ ಹಿರಿಯರೆಂದು ನಮ್ಮ ಮನೆಯವರನ್ನು ಮುಂದೆ ಕರೆಯಬೇಕಿತ್ತು. ಗದ್ದಲದಲ್ಲಿ ಮೈದುನ ತಾನೇ ಕೂತು ವೀಳ್ಯ ಹಿಡಿದುಬಿಟ್ಟ. ಇವರು ಊಟದ ಎಲೆಯ ಮುಂದೆ ಕೂರದೆ ಎದ್ದು ಬಂದರು. "ಶುಭ ಕಾರ್ಯದಾಗ ಉಣ್ಣದ ಹೋದ್ರ ನನ್ನ ಮಗಳಿಗೆ ಕೆಟ್ಟದ್ದು ಬಯಸಿದಂಗ" ಎಂದು ಅವನು ಹೇಳಿದ್ದು ನಾವು ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ಬಂತು. ಅಲ್ಲಿಂದ ಮುಂದೆ ಅಣ್ಣತಮ್ಮಂದಿರ ಮಾತು ನಿಂತಿತು. ಆ ಹುಡುಗಿಯ ಮದುವೆಗೆ ಅತ್ತೆಯೊಬ್ಬರೇ ಹೋಗಿ ಬಂದರು.

ನಾನು ಎಲ್ಲರ ಮುಂದೆ ಬೇಜಾರು ಮಾಡಿಕೊಂಡೆ. ಒಳಗೆ ಮಾತ್ರ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆ ವರ್ಷದ ದೀಪಾವಳಿಗೆ ಮೂರು ಜನರಿಗೆ ಅಡುಗೆ ಮಾಡಿ ಮಧ್ಯಾಹ್ನ ಮಲಗಿದೆ. ಹಬ್ಬದ ದಿನ ಮಲಗುವ ಸುಖ ಎಂಥದ್ದೆಂದು ಆವತ್ತೇ ಗೊತ್ತಾದದ್ದು.

ಹಾಗಾಗಿ ಈ ಬೇಸಿಗೆಯಲ್ಲಿ ಅತ್ತೆ ಸಂಡೂರಿನ ಮಗಳ ಮನೆಗೆ ಹೋದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮೊದಲು ಹೋದವು ಹಾಸಿಗೆಗಳು. ಮಲಗುವವರೇ ಬರುವುದಿಲ್ಲ ಎಂದ ಮೇಲೆ ಹಾಸಿಗೆ ಯಾಕೆ? ಹೋಳಿಗೆಯ ದೊಡ್ಡ ಹಂಚು, ಅನ್ನದ ಕೊಳಗ ಗುಜರಿಗೆ ಹೋದವು. ಆಮೇಲೆ ಫೋನು. ಬೇಡದ ಫೋಟೋ ಅಳಿಸಿದೆ, ಒಂದೊಂದಾಗಿ ಗ್ರೂಪುಗಳಿಂದ ಹೊರಬಂದೆ. ಅದರಲ್ಲಿ ಮನೆತನದ ಗ್ರೂಪೂ ಒಂದು. ಜಗಳವಾದ ಮೇಲೂ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ದಿನಾ ಬೆಳಿಗ್ಗೆ ಅದರಲ್ಲಿ ಹೂವಿನ ಚಿತ್ರದ ಶುಭೋದಯ ಹಾಕುತ್ತಿದ್ದಳು. ಕಸ ಎಂದುಕೊಂಡೆ. ಸಿಟ್ಟಿನಲ್ಲಿ ಎಂದೋ ಆ ಗ್ರೂಪು ಬಿಟ್ಟಿದ್ದ ಇವರು, ರಾತ್ರಿ ಊಟವಾದ ಮೇಲೆ ನನ್ನ ಫೋನು ತೆಗೆದು ಏನೋ ಹುಡುಕುವವರಂತೆ ಅದನ್ನೇ ನೋಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊರಬಂದೆ. ಅಂದು ರಾತ್ರಿ ಅವರು ಫೋನನ್ನು ಮೇಲೆ ಕೆಳಗೆ ಸರಿಸಿ ನೋಡಿದರು. ಆಮೇಲೆ ಏನೂ ಕೇಳದೆ ಚಾರ್ಜಿಗೆ ಹಾಕಿ ಮಲಗಿದರು.

ಕೊನೆಗೆ ಉಳಿದದ್ದು ದೇವರ ಜಗಲಿ. ಅತ್ತೆಯ ರಾಜ್ಯ ಅದು. ವಿಭೂತಿ ಗಟ್ಟಿ, ಸಣ್ಣ ನಂದಿ, ಎಣ್ಣೆ ಜಿಡ್ಡಿನ ದೀಪಗಳ ಹಿಂದೆ ಮೂಲೆಯಲ್ಲಿ ಅರಿಶಿನ ಬಟ್ಟೆಯ ಗಂಟುಗಳು ಒಂದರ ಮೇಲೊಂದು ಬಿದ್ದಿದ್ದವು. ಅವು ಮುಡಿಪು. ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು, ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡುತ್ತಾರೆ. ಬೇಡಿದ್ದು ಏನೆಂದು ಯಾರಿಗೂ ಹೇಳಬಾರದು. ಆದ ಮೇಲೆ ಗುಡಿಯ ಹುಂಡಿಗೆ ಮುಟ್ಟಿಸಬೇಕು. ಗಂಟುಗಳಿಗೆ ಜೇಡ ಬಲೆ ಕಟ್ಟಿತ್ತು. ಹರಕೆ ಎಂದೋ ಮುಗಿದಿದೆ, ಮುದುಕಿ ಒಯ್ಯಲು ಮರೆತಿದ್ದಾರೆ ಎಂದು ತೀರ್ಮಾನಿಸಿ ಎಲ್ಲವನ್ನೂ ಬಿಚ್ಚಿದೆ. ಬಟ್ಟೆ ಕಸದ ಗಾಡಿಗೆ ಹೋಯಿತು. ನಾಣ್ಯಗಳನ್ನು ಪರ್ಸಿನಲ್ಲಿ ಹಾಕಿಕೊಂಡು, ಸೋಮವಾರ ಇವರ ಗಾಡಿಯಲ್ಲಿ ಹಂಪಿಗೆ ಹೋದಾಗ ಹುಂಡಿಗೆ ಹಾಕಿ ಕೈ ಮುಗಿದೆ. ವಾಪಸ್ಸು ಬರುವಾಗ ಕಡ್ಡಿರಾಂಪುರದಲ್ಲಿ ಮಿರ್ಚಿ ತಿಂದೆವು. ಪುಣ್ಯದ ಕೆಲಸ ಮಾಡಿದ ಹಸಿವು ನನಗೆ.

ಅತ್ತೆ ಬಂದವರು ಕಾಲು ತೊಳೆದು ನಡುಮನೆಯಲ್ಲಿ ನಿಂತು ಸುತ್ತ ನೋಡಿದರು. "ಮನಿ ಭಾಳ ಹಗುರ ಆಗೈತಲ್ಲವ್ವ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಹಾಸಿಗೆಗೆ ಗೆದ್ದಲು ಹತ್ತಿತ್ತು ಎಂದು ಕೇಳದೆಯೇ ಸುಳ್ಳು ಹೇಳಿದೆ. ಅವರು ತಲೆಯಾಡಿಸಿ ವಿಭೂತಿ ಹಚ್ಚಿಕೊಳ್ಳಲು ಜಗಲಿಗೆ ಹೋದರು.

"ಇಲ್ಲಿ ಗಂಟು ಇದ್ದುವಲ್ಲ, ಎಲ್ಲಿ ಇಟ್ಟಿ?"

"ಹಳೇವು ಅಲ್ಲೇನ್ರಿ ಅತ್ತಿ? ಬಿಚ್ಚಿ, ರೊಕ್ಕ ಹಂಪಿ ಹುಂಡಿಗೆ ಹಾಕಿ ಬಂದೀನ್ರಿ."

"ಎಲ್ಲಾನೂ?"

"ಎಲ್ಲಾನೂ ರೀ."

ಅವರು ಅಲ್ಲೇ ಗೋಡೆ ಹಿಡಿದು ಕೂತರು. "ಆಗಿದ್ರ ನಾನ ಒಯ್ದು ಹಾಕ್ತಿದ್ದಿಲ್ಲೇನು? ಇಟ್ಟೀನಿ ಅಂದ್ರ ಆಗಿಲ್ಲ ಅಂತನ ಅಲ್ಲೇನವ್ವ" ಎಂದರು.

ಲೆಕ್ಕದ ಟೀಚರಿಗೆ ಇಷ್ಟು ಲೆಕ್ಕ ಹೊಳೆದಿರಲಿಲ್ಲ. ಈಡೇರಿದ್ದೆಲ್ಲ ಗುಡಿಗೆ ಹೋಗಿರುತ್ತದೆ. ಜಗಲಿಯ ಮೇಲೆ ಉಳಿಯುವುದೇ ಈಡೇರದ್ದು. ಬೈಯಲಿ ಎಂದು ಕಾದೆ, ಅವರು ಬೈಯಲಿಲ್ಲ.

ಕೂತಲ್ಲಿಂದಲೇ ಹೇಳಿದರು. "ಉಳಿದವು ಹೋಗ್ಲಿ ಬಿಡು. ಅವನ್ನ ನಾನೂ ಮರ್ತೀನಿ, ದೇವ್ರೂ ಮರ್ತಿರ್ತಾನ. ಒಂದು ಮಾತ್ರ ಹೋಗಬಾರದಿತ್ತು. ಬಿಚ್ಚಿದ ಮ್ಯಾಲ ಬಾಯಿ ಬಿಟ್ರೇನು, ಹೇಳ್ತೀನಿ ಕೇಳು. ಇಬ್ರೂ ಮಕ್ಕಳು ಒಂದ ಪಂಕ್ತ್ಯಾಗ ಕುಂತು ಉಣ್ಣಲಿ ಅಂತ ಕಟ್ಟಿದ್ದೆ. ನಾನಿರೂ ತನಕ ಆಗ್ಲಿ ಅಂತ."

ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಗಂಟು ಬಿಚ್ಚಿದ್ದು ಗೊತ್ತಿಲ್ಲದೆ ಮಾಡಿದ ತಪ್ಪು, ಸರಿ. ಹಾಸಿಗೆ ಕೊಟ್ಟದ್ದು? ಹಂಚು ಗುಜರಿಗೆ ಹಾಕಿದ್ದು? ಗ್ರೂಪು ಬಿಟ್ಟದ್ದು? ಅವರು ಮತ್ತೆ ಬಾರದಿರಲಿ ಎಂದಲ್ಲವೇ ನಾನು ಮನೆಯನ್ನು ಅಷ್ಟು ಚೊಕ್ಕಟ ಮಾಡಿದ್ದು? ಮಕ್ಕಳನ್ನು ಕೂಡಿಸು ಎಂದು ಅತ್ತೆ ದಿನಾ ದೀಪ ಹಚ್ಚುತ್ತಿದ್ದ ಮನೆಯಲ್ಲಿ ನಾನು ಜಗಳಕ್ಕೆ ಜಾಗ ಮಾಡಿಕೊಡುತ್ತಿದ್ದೆ. ಸಂಜೆ ಇವರು ಬಂದು ತಾಯಿಯ ಮುಖ ನೋಡಿ, "ಯಾಕವ್ವಾ, ಸಪ್ಪಗ ಅದೀ?" ಎಂದರು. "ಸಂಡೂರು ಬಸ್ಸಿನ್ಯಾಗ ಮೈ ಕೈ ಹಣ್ಣಾಗ್ಯಾವಪ್ಪ" ಎಂದು ಅತ್ತೆ ನನ್ನ ಹೆಸರು ಬರದ ಹಾಗೆ ನೋಡಿಕೊಂಡರು.

ಮುಂದಿನ ಸೋಮವಾರ ಸ್ನಾನ ಮಾಡಿ ಬಂದಾಗ ಅತ್ತೆ ಕರೆದರು. ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆ ಚೂರು, ಒಂದು ನಾಣ್ಯ ಮುಂದಿಟ್ಟುಕೊಂಡು ಕೂತಿದ್ದರು.

"ನೀನ ಕಟ್ಟವ್ವ. ನನ್ನ ಬೆರಳು ಈಗ ಗಂಟು ಹಿಡಿಯಂಗಿಲ್ಲ. ಏನು ಬೇಡ್ಕೋಬೇಕು ಗೊತ್ತೈತಲ್ಲ? ಮನಸ್ಸಿನ್ಯಾಗ ಅನ್ಕೊಂತ ಕಟ್ಟು. ಬಾಯಿ ಬಿಡಬ್ಯಾಡ."

ನಾಣ್ಯ ಇಟ್ಟು ಬಟ್ಟೆ ಮಡಚಿದೆ. ಇಬ್ಬರೂ ಒಂದಾಗಲಿ ಎಂದು ಅಂದುಕೊಳ್ಳಲು ಹೊರಟೆ. ಕಣ್ಣ ಮುಂದೆ ಬಂದದ್ದು ಬಚ್ಚಲ ಮುಂದಿನ ಸಾಲು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಹೊಸ ಹಾಸಿಗೆ ಎಲ್ಲಿಂದ ತರುವುದು ಎಂಬ ಯೋಚನೆ ಬಂತು. ಮೂರು ಜನರ ದೀಪಾವಳಿ, ಮಧ್ಯಾಹ್ನದ ಆ ನಿದ್ದೆ ನೆನಪಾಯಿತು. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ತಡವಾದರೆ ತಿಳಿದುಬಿಡುತ್ತದೆ ಎನಿಸಿ ಗಂಟು ಬಿಗಿದೆ. ಏನನ್ನೂ ಬೇಡಿಕೊಳ್ಳದೆ ಬಿಗಿದೆ.

"ಬೇಡ್ಕೊಂಡ್ಯೇನು?"

"ಹೂಂ ರೀ ಅತ್ತಿ."

ಅವರು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ಕುಂಕುಮ ಹಚ್ಚಿ ನಂದಿಯ ಪಕ್ಕ ಇಟ್ಟರು. ಆ ಮುಖ ಅಷ್ಟು ನಿರಾಳವಾದದ್ದನ್ನು ನಿಶ್ಚಯದ ದಿನದಿಂದ ಈಚೆಗೆ ನಾನು ನೋಡಿರಲಿಲ್ಲ.

"ಒಬ್ಬಾಕಿ ಬೇಡಿದ್ದು ಸಾಲಲಿಲ್ಲ ಕಾಣ್ತೈತಿ" ಎಂದರು. "ಈಗ ಇಬ್ರು ಆದ್ವಿ. ಈ ಸಲ ಆಗ್ತೈತಿ ಬಿಡು."

ನಾನು ಆಗಲೂ ಬಾಯಿ ಬಿಡಲಿಲ್ಲ.