ಇನ್‌ಚಾರ್ಜ್ ಮೇಡಂಗೆ ಧನ್ಯವಾದಗಳು

ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಆಪರೇಷನ್ ಸಾಮಾನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ ಮೇಲಕ್ಕೆ ಕಳಿಸುವ ವಿಭಾಗವಿತ್ತು. ಮೇಲಿನ ಮಹಡಿಯ ಡಾಕ್ಟರುಗಳ ಹೆಸರು ಊರಿಗೆಲ್ಲ ಗೊತ್ತು. ಅವರ ಕೈಯ ಕತ್ತರಿಯನ್ನು ಎಣಿಸಿ ಕಳಿಸಿದವರು ಯಾರು ಎಂದು ಇವತ್ತಿನವರೆಗೆ ಯಾವ ರೋಗಿಯೂ ಕೇಳಿಲ್ಲ. ಅಲ್ಲಿ ಇಪ್ಪತ್ತೊಂದು ವರ್ಷ ದುಡಿದವಳೊಬ್ಬಳ ಕಥೆ ಇದು. ವಿಭಾಗದವರೆಲ್ಲ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು, ಎತ್ತರದಲ್ಲಿ ಮಾತ್ರ ಅವಳು ಎಲ್ಲರಿಗಿಂತ ಗಿಡ್ಡ.

ವಿಭಾಗದಲ್ಲಿ ಎರಡು ಕೋಣೆ, ನಡುವೆ ಗಾಜಿನ ಕಿಟಕಿ. ಈಚೆ ಕೊಳೆ ಕಡೆ. ಬಿಸಿನೀರು, ಬ್ರಷ್ಷು, ರಬ್ಬರ್ ಕೈಗವಸು, ಸದಾ ಒದ್ದೆ ನೆಲ. ಆಚೆ ಶುಚಿ ಕಡೆ. ಅಲ್ಲಿ ಉದ್ದ ಮೇಜು, ಒಳ್ಳೆಯ ಬೆಳಕು, ಒಣಗಿದ ಕೈ. ಶುಚಿ ಕಡೆಯ ಕಾಯಿದೆ ಒಂದೇ: ಟ್ರೇ ಜೋಡಿಸಿದವಳು ಪಟ್ಟಿ ನೋಡಿ ಎಣಿಸಿ ಸಹಿ ಹಾಕಬೇಕು, ಎದುರಿಗೆ ಕೂತವಳು ಮತ್ತೆ ಒಂದರಿಂದ ಎಣಿಸಿ ಎರಡನೇ ಸಹಿ ಹಾಕಬೇಕು.

ದೊಡ್ಡಕ್ಕನ ಎದುರಿಗೆ ಕೂರುತ್ತಿದ್ದವಳಿಗೆ ನಗುಮುಖಿ ಎಂದು ಅಡ್ಡಹೆಸರು. ಹದಿನಾಲ್ಕು ವರ್ಷ ಇಬ್ಬರೂ ಎದುರುಬದುರು. ಒಬ್ಬಳ ಬಾಣಂತನದಲ್ಲಿ ಇನ್ನೊಬ್ಬಳು ಅಡುಗೆ ಹೊತ್ತುಕೊಂಡು ಹೋದದ್ದುಂಟು. ಮೊದಮೊದಲು ಕಾಯಿದೆಯಂತೆ ಎಣಿಸಿದರು. ಆಮೇಲೆ ಅರ್ಧ ಎಣಿಸಿದರು. ಕೊನೆಗೆ ಒಬ್ಬಳ ಟ್ರೇ ಇನ್ನೊಬ್ಬಳು ಎಣಿಸುವುದೇ ಅವಮಾನ ಎಂಬಲ್ಲಿಗೆ ಬಂತು. ಅವಳು ತಳ್ಳುತ್ತಿದ್ದಳು, ಇವಳು ಸಹಿ ಹಾಕುತ್ತಿದ್ದಳು. ಇವಳು ತಳ್ಳಿದರೆ ಅವಳು. ನಂಬಿಕೆ ಅಂದರೆ ಅವರ ಲೆಕ್ಕದಲ್ಲಿ ಅದೇ ಆಗಿತ್ತು, ನಾವೂ ನೀವೂ ಅಲ್ಲಿದ್ದರೆ ಬೇರೆ ಮಾಡುತ್ತಿರಲಿಲ್ಲ ಬಿಡಿ.

ಒಂದು ಮಧ್ಯಾಹ್ನ ನಗುಮುಖಿಗೆ ಮಗಳ ಶಾಲೆಯಿಂದ ಫೋನ್ ಬಂತು. ಹುಡುಗಿ ಮೆಟ್ಟಿಲಿಂದ ಬಿದ್ದಿದ್ದಳು. ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಟ್ರೇ ಮುಗಿಸಿ, ಎಲ್ಲ ಎಣಿಸಿದ್ದೀನಿ, ಸಹಿ ಹಾಕಿಬಿಡು ಎಂದು ಹೇಳಿ ಓಡಿದಳು. ದೊಡ್ಡಕ್ಕ ಹಾಕಿದಳು. ಮೇಲೆ ಬಿಚ್ಚಿ ನೋಡಿದರೆ ನಲವತ್ತೆರಡಕ್ಕೆ ನಲವತ್ತೊಂದೇ ಇತ್ತು, ಒಂದು ಸಣ್ಣ ಬಾಗಿದ ಕತ್ತರಿ ಇಲ್ಲ. ಮೇಜಿನ ಮೇಲೆ ರೋಗಿ ಮಲಗಿದ್ದಾನೆ, ಡಾಕ್ಟರು ಕೆಂಡಾಮಂಡಲವಾಗಿದ್ದಾರೆ, ಆಪರೇಷನ್ ಮುಕ್ಕಾಲು ಗಂಟೆ ನಿಂತುಹೋಯಿತು.

ಮರುದಿನ ಬೆಳಿಗ್ಗೆ ಬಾಗಿಲು ದಾಟುವಾಗ ದೊಡ್ಡಕ್ಕ ಕಣ್ಣಾರೆ ಕಂಡಳು: ನಗುಮುಖಿ ತನ್ನ ಏಪ್ರನ್ ಜೇಬಿನಿಂದ ಆ ಕತ್ತರಿ ತೆಗೆದು ಕಪಾಟಿನ ಮೂಲೆಗೆ ಸೇರಿಸುತ್ತಿದ್ದಳು. ಗಡಿಬಿಡಿಯಲ್ಲಿ ಜೇಬಿಗೆ ಹೋಗಿದೆ, ಪಾಪ, ಈಗ ವಿಚಾರಣೆಯಲ್ಲಿ ಅವಳೇ ಹೇಳುತ್ತಾಳೆ ಎಂದುಕೊಂಡು ಇವಳು ತುಟಿ ಪಿಟಕ್ಕೆನ್ನಲಿಲ್ಲ. ವಿಚಾರಣೆಯಲ್ಲಿ ನಗುಮುಖಿ ಹೇಳಿದ್ದೇ ಬೇರೆ. ತಾನು ನಲವತ್ತೆರಡು ಎಣಿಸಿ ಕೊಟ್ಟಿದ್ದೆ, ತನ್ನ ಕೈ ಬಿಟ್ಟ ಮೇಲೆ ಏನಾಯಿತೋ ಗೊತ್ತಿಲ್ಲ ಅಂದಳು. ದೊಡ್ಡಕ್ಕ ಆಮೇಲೆ ಜೇಬಿನ ವಿಷಯ ಎತ್ತಿದಳು. ಎಣಿಸದೆ ಸಹಿ ಹಾಕಿದೆ ಎಂದು ತಾನೇ ಒಪ್ಪಿಕೊಂಡವಳ ಮಾತು ಯಾರು ನಂಬುತ್ತಾರೆ? ಫೈಲಿನಲ್ಲಿ ‘ನಿರ್ಲಕ್ಷ್ಯ’ ಎಂದು ಬರೆದು ಅವಳನ್ನು ಕೊಳೆ ಕಡೆಗೆ ದಬ್ಬಿದರು. ಎರಡು ವರ್ಷ ಕಳೆದ ಮೇಲೆ ನಗುಮುಖಿ ವಿಭಾಗದ ಇನ್‌ಚಾರ್ಜ್ ಆದಳು.

ನಾಲ್ಕು ವರ್ಷ ದೊಡ್ಡಕ್ಕ ರಕ್ತ ತೊಳೆದಳು. ಬಿಸಿನೀರಿಗೆ ಬೆರಳಿನ ಚರ್ಮ ಸುಲಿಯಿತು. ತಲೆಯೆತ್ತಿದರೆ ಗಾಜಿನಾಚೆ ನಗುಮುಖಿಯ ಮುಖ. ಮಗಳಿಗಾಗಿ ಓಡಿದ್ದನ್ನು ದೊಡ್ಡಕ್ಕ ಯಾವತ್ತೋ ಕ್ಷಮಿಸಿದ್ದಳು. ಸುಳ್ಳನ್ನು ಕ್ಷಮಿಸಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ: ಎಲ್ಲರೆದುರು, ನಗುಮುಖಿಯ ಬಾಯಿಂದಲೇ, ಕತ್ತರಿ ನನ್ನ ಜೇಬಿನಲ್ಲಿತ್ತು ಎನ್ನುವ ಮಾತು. ಅದು ಬಂದರೆ ಫೈಲಿನ ಆ ಪದ ಹೋಗುತ್ತದೆ, ಮೇಜು ವಾಪಸು ಸಿಗುತ್ತದೆ. ಗಂಡ ದರ್ಜಿ, ಮೆತ್ತನೆಯ ಮನುಷ್ಯ, ಬಿಟ್ಟುಬಿಡು ಅನ್ನುತ್ತಿದ್ದ. ನೀನು ನಿನ್ನ ಕಾಜಾ ಹೊಲಿ ಎಂದು ಅವನ ಬಾಯಿ ಮುಚ್ಚಿಸುತ್ತಿದ್ದವರು ಅವನ ಹೆತ್ತಮ್ಮ.

ಹೀಗಿರುವಾಗ ಆಸ್ಪತ್ರೆಗೆ ಒಬ್ಬ ತರಬೇತುದಾರ ಬಂದ. ಗರಿಗರಿ ಅಂಗಿ, ಜೇನಿನಂಥ ಮಾತು. ತಂಡದಲ್ಲಿ ನಂಬಿಕೆ ಬೆಳೆಯಬೇಕಾದರೆ ದಿನಾ ಒಬ್ಬರಿಗೊಬ್ಬರು ಕೃತಜ್ಞತೆ ಹೇಳಬೇಕು ಎಂದು ಎರಡು ದಿನ ಪಾಠ ಮಾಡಿದ. ಗೋಡೆಗೆ ಒಂದು ಬೋರ್ಡು ಬಂತು, ಪಕ್ಕದಲ್ಲಿ ಹಳದಿ ಚೀಟಿಗಳ ಕಟ್ಟು. ದೂರು ಬರೆಯುವಂತಿಲ್ಲ, ಧನ್ಯವಾದ ಮಾತ್ರ. ಬಂದ ಯಾವ ಚೀಟಿಯನ್ನೂ ತಿರಸ್ಕರಿಸುವಂತಿಲ್ಲ. ದಿನಾ ಬೆಳಿಗ್ಗೆ ಇನ್‌ಚಾರ್ಜ್ ಆದವರು ಎಲ್ಲವನ್ನೂ ಜೋರಾಗಿ ಓದಬೇಕು.

ಕೊನೆಯ ಮಾತು ಕೇಳಿದಾಗ ದೊಡ್ಡಕ್ಕನ ಕಿವಿ ನೆಟ್ಟಗಾಯಿತು. ಆ ಸಂಜೆ ಊಟದ ಮೇಜಿನ ಮೇಲೆ ಕಾಗದ ಹರಡಿ ಕೂತಳು. ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದವರು, ಕೆಂಪು ಪೆನ್ಸಿಲ್ ಇನ್ನೂ ಕೈಬಿಟ್ಟಿರಲಿಲ್ಲ. ಸೊಸೆ ಬರೆದದ್ದನ್ನು ಓದಿ, ಬೈಗುಳ ಇದ್ದಲ್ಲೆಲ್ಲ ಗೀಟು ಹಾಕಿದರು.

“ಇದೆಲ್ಲ ತೆಗಿ,” ಅಂದರು. “ಒಂದು ಕೆಟ್ಟ ಮಾತೂ ಇರಬಾರದು. ಸುಳ್ಳೂ ಇರಬಾರದು. ಬೈದ್ರೆ ಅವಳು ತಿರುಗಿ ಬೈತಾಳೆ. ಹೊಗಳಿದ್ರೆ ಏನ್ಮಾಡ್ತಾಳೆ?”

ಮೊದಲ ಚೀಟಿಯನ್ನು ನಗುಮುಖಿ ನಗುತ್ತಲೇ ಓದಿದಳು: ‘ಇನ್‌ಚಾರ್ಜ್ ಮೇಡಂಗೆ ಧನ್ಯವಾದ. ಅವರಿಂದ ನಾನು ಬಿಸಿನೀರಿನ ಕಡೆ ಬಂದೆ. ನಾಲ್ಕು ವರ್ಷದಲ್ಲಿ ನನ್ನ ಕೈಗೆ ಒಂದು ದಿನವೂ ಚಳಿಯಾಗಿಲ್ಲ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದು ಮಗಳ ಕ್ಷೇಮ ವಿಚಾರಿಸಿ, ಮೆಟ್ಟಿಲಿಂದ ಬಿದ್ದ ದಿನ ಮೇಡಂ ಎಷ್ಟು ಬೇಗ ಓಡಿದರೆಂದು ಮೆಚ್ಚಿಕೊಂಡಿತ್ತು. ಮೂರನೆಯದರಲ್ಲಿ ಆ ದಿನದ ತಾರೀಖು ಇತ್ತು. ನಾಲ್ಕನೆಯದು, ಒಂದೇ ಕೈಯಲ್ಲಿ ನಲವತ್ತೆರಡು ಸಾಮಾನಿನ ಟ್ರೇ ಕಟ್ಟುವುದು ಎಲ್ಲರಿಗೂ ಸಾಧ್ಯವಿಲ್ಲ ಎಂದಿತು. ವಾರಕ್ಕೊಂದು ಚೀಟಿ, ಬೆಣ್ಣೆಯಲ್ಲಿ ಅದ್ದಿದ ಸೂಜಿ.

ನಾಲ್ಕನೆಯದಕ್ಕೆ ಚಪ್ಪಾಳೆ ಬೀಳಲಿಲ್ಲ. ಶುಚಿ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್‌ಚಾರ್ಜ್ ಕಟ್ಟಿದ ಟ್ರೇಗೆ ಎರಡನೇ ಸಹಿ ಹಾಕುವವಳು ಮೂರು ಮೂರು ಸಲ ಎಣಿಸತೊಡಗಿದಳು. ನಗುಮುಖಿ ಒಂದು ದಿನ ಕೊಳೆ ಕಡೆಗೆ ಬಂದು, ಇದನ್ನು ನಿಲ್ಲಿಸು, ನಿನಗೇನು ಬೇಕು ಎಂದು ಮೆಲ್ಲಗೆ ಕೇಳಿದಳು. ದೊಡ್ಡಕ್ಕ ಬ್ರಷ್ಷು ಕೆಳಗಿಡದೆ, ಧನ್ಯವಾದ ಹೇಳುವುದು ತಪ್ಪಾ ಮೇಡಂ ಎಂದು ಕೇಳಿದಳು. ಆ ಹೊತ್ತಿನ ಅವಳ ಸುಖ ಎಷ್ಟೆಂದು ಹೇಳಲಾರೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಹೊಟ್ಟೆ ತಣ್ಣಗಾಗಿತ್ತು. ಇದು ಸಣ್ಣತನ ಅಂತ ಯಾರಾದರೂ ಮೂಗು ಮುರಿಯುವುದಾದರೆ, ಅವರು ಮೊದಲು ನಾಲ್ಕು ವರ್ಷ ಆ ತೊಟ್ಟಿಯ ಮುಂದೆ ನಿಂತು ಬರಲಿ.

ಬೋರ್ಡಿನ ಪ್ರಗತಿ ನೋಡಲು ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಖುದ್ದು ಬರುವ ದಿನ ಗೊತ್ತಾಯಿತು. ಹಿಂದೆ ವಿಚಾರಣೆ ನಡೆಸಿದವರೂ ಅವರೇ. ಐದನೇ ಚೀಟಿಗೆ ಅತ್ತೆ ಕೆಂಪು ಪೆನ್ಸಿಲ್ ಮುಟ್ಟಿಸಲಿಲ್ಲ, ಎರಡು ಸಲ ಓದಿ ಸುಮ್ಮನೆ ವಾಪಸು ಕೊಟ್ಟರು.

ಬೆಳಿಗ್ಗೆ ಎಲ್ಲರೂ ಅರ್ಧಚಂದ್ರಾಕಾರವಾಗಿ ನಿಂತಿದ್ದರು. ನಗುಮುಖಿ ಚೀಟಿ ಬಿಡಿಸಿ ಓದತೊಡಗಿದಳು: “ಇನ್‌ಚಾರ್ಜ್ ಮೇಡಂಗೆ ಧನ್ಯವಾದ. ಕಳೆದುಹೋದ ಕತ್ತರಿಯನ್ನು ಒಂದಿಡೀ ರಾತ್ರಿ ತಮ್ಮ ಏಪ್ರನ್ ಜೇಬಿನಲ್ಲಿ…”

ಅಲ್ಲಿಗೆ ನಿಂತಳು. ಮೇಟ್ರನ್ ಕನ್ನಡಕ ಸರಿಮಾಡಿಕೊಂಡು, ಪೂರ್ತಿ ಓದಿ ಅಂದರು.

“…ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡು, ಮರುದಿನ ಯಾರಿಗೂ ತೊಂದರೆಯಾಗದ ಹಾಗೆ ಕಪಾಟಿನಲ್ಲಿ ಇಟ್ಟದ್ದಕ್ಕೆ.”

ಇದು ನಿಜವಾ ಎಂದು ಮೇಟ್ರನ್ ಕೇಳಿದರು. ನಗುಮುಖಿ ಚೀಟಿಯನ್ನು ಮಡಿಸಿದಳು, ಮತ್ತೆ ಮಡಿಸಿದಳು, ಮಡಿಸಲು ಇನ್ನು ಜಾಗವಿಲ್ಲದಾಗ ತಲೆಯೆತ್ತಿದಳು.

“ನಿಜ. ಕತ್ತರಿ ನನ್ನ ಜೇಬಲ್ಲೇ ಇತ್ತು. ಕೆಲಸ ಹೋಗತ್ತೆ ಅಂತ ಹೆದರಿದೆ. ಅವಳ ತಪ್ಪು ಏನೂ ಇರಲಿಲ್ಲ. ನನ್ನ ನಂಬಿದ್ದು ಒಂದೇ.”

ಹದಿನೈದು ದಿನದೊಳಗೆ ಫೈಲಿನ ಆ ಪದಕ್ಕೆ ಅಡ್ಡಗೆರೆ ಬಿತ್ತು. ನಗುಮುಖಿ ಕೊಳೆ ಕಡೆಗೆ ಹೋದಳು, ದೊಡ್ಡಕ್ಕ ಮೇಜಿಗೆ ಬಂದಳು. ಮೊದಲ ದಿನ ಅವಳು ಗಾಜಿನಾಚೆ ಬೇಕೆಂದೇ ಹತ್ತು ಸಲ ನೋಡಿದಳು. ನಗುಮುಖಿ ಒಮ್ಮೆಯೂ ತಲೆಯೆತ್ತಲಿಲ್ಲ. ಅಯ್ಯೋ ಎನಿಸಿತೇ ಎಂದು ಗಂಡ ಕೇಳಿದ್ದಕ್ಕೆ, ಇಲ್ಲ, ಇನ್ನೂ ನಾಲ್ಕು ವರ್ಷ ಬಾಕಿ ಇದೆ ಅಂದಳು. ಆಸ್ಪತ್ರೆ ಕೊಡುವ ಆ ವರ್ಷದ ಕೃತಜ್ಞತೆಯ ಪ್ರಶಸ್ತಿಪತ್ರವೂ ಅವಳಿಗೇ ಬಂತು, ಅತ್ತೆ ಅದನ್ನು ಬಾಗಿಲಿನ ಎದುರಿಗೇ ತೂಗುಹಾಕಿಸಿದರು.

ಈಗ ಅವಳ ಎದುರಿಗೆ ಕೂರುವವಳು ಮೂರು ವರ್ಷದ ಹಿಂದೆ ಸೇರಿದವಳು, ಮೂಳೆ ವಿಭಾಗದ ವಾರ್ಡ್‌ಬಾಯ್ ಒಬ್ಬನ ಹೆಂಡತಿ, ಚುರುಕು ಕೈ. ಎಲ್ಲರ ಜೊತೆ ಹರಟುವವಳು, ದೊಡ್ಡಕ್ಕನ ಎದುರು ಮಾತ್ರ ಹೌದು ಇಲ್ಲಗಳಲ್ಲೇ ಮುಗಿಸುತ್ತಿದ್ದಳು. ಕೆಲಸದಲ್ಲಿ ಶ್ರದ್ಧೆ ಅಂದರೆ ಹೀಗಿರಬೇಕು ಎಂದು ದೊಡ್ಡಕ್ಕ ಅಂದುಕೊಂಡಿದ್ದಳು.

ಒಂದು ದಿನ ಮೂಳೆ ಆಪರೇಷನ್ನಿನ ಟ್ರೇ ಎತ್ತುವಾಗ ದೊಡ್ಡಕ್ಕನ ಮಣಿಕಟ್ಟು ಹಿಡಿದುಕೊಂಡಿತು. ಅದು ಎಂಟು ಕಿಲೋ ಕಬ್ಬಿಣ. ಎದುರಿನವಳು ಕೇಳದೆಯೇ ಬಂದು, ಭಾರವನ್ನೆಲ್ಲ ತಾನೇ ಹೊತ್ತು, ಹಬೆಯಂತ್ರದ ಗಾಡಿಗೆ ಇಟ್ಟಳು. ತನ್ನ ಬಿಸಿನೀರಿನ ಚೀಲ ತಂದು ಮಣಿಕಟ್ಟಿಗೆ ಒತ್ತಿದಳು. ನಗುಮುಖಿ ಬಾಣಂತನಕ್ಕೆ ಅಡುಗೆ ಹೊತ್ತು ತಂದ ಕಾಲದ ನಂತರ ಇಲ್ಲಿ ಯಾರೂ ದೊಡ್ಡಕ್ಕನನ್ನು ಹೀಗೆ ಮುಟ್ಟಿರಲಿಲ್ಲ.

“ಥ್ಯಾಂಕ್ಸಮ್ಮ,” ಅಂದಳು, ಮನಸಾರೆ.

ಆ ಹೆಂಗಸಿನ ಮುಖದ ರಕ್ತ ಇಳಿದುಹೋಯಿತು. ಕೈ ಸರಕ್ಕನೆ ಹಿಂದೆ ಬಂತು. ಅಕ್ಕಪಕ್ಕದ ಮೇಜುಗಳಲ್ಲಿ ಸಾಮಾನಿನ ಸದ್ದು ನಿಂತಿತು.

“ಏನ್ ತಪ್ಪು ಮಾಡಿದೆ ಅಕ್ಕ?” ಎಂದು ಅವಳು ಕೇಳಿದಳು. “ಇಲ್ಲೇ ಹೇಳಿಬಿಡಿ, ಸರಿಮಾಡ್ಕೋತೀನಿ. ಬೋರ್ಡಿಗೆ ಬರೀಬೇಡಿ.”

ಏನೂ ತಪ್ಪಿಲ್ಲ, ಸುಮ್ಮನೆ ಹೇಳಿದೆ, ನಿಜವಾಗಿ ಹೇಳಿದೆ ಎಂದು ದೊಡ್ಡಕ್ಕ ಎರಡು ಸಲ ಅಂದಳು. ಅವಳು ಹೂಂ ಎಂದು ತಲೆಯಾಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ. ಗಾಡಿಯಿಂದ ಆ ಟ್ರೇಯನ್ನು ಮತ್ತೆ ಇಳಿಸಿ ತಂದಳು, ಕಟ್ಟಿದ ಬಟ್ಟೆ ಬಿಚ್ಚಿದಳು, ತನ್ನ ಎರಡೂ ಕೈ ದೊಡ್ಡಕ್ಕನಿಗೆ ಸರಿಯಾಗಿ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟುಕೊಂಡು, ಒಂದರಿಂದ ಎಣಿಸಲು ಶುರುಮಾಡಿದಳು.